ಕಾಂಕ್ರೀಟ್ ಹಾಸಿನ ಮೇಲೆ ಮರದ ನೆಲ

ಕಾಂಕ್ರೀಟಿನ ಹಾಸನ್ನು ಆಧಾರವಾಗಿಟ್ಟುಕೊಂಡು ಅದರ ಮೇಲೆ ಮರದ ಹಲಗೆಗಳನ್ನು ಅಂಟಿನಿಂದಲೋ, ಮೊಳೆಯಿಂದಲೋ, ಹಲಗೆಗೆ ಹಲಗೆಯನ್ನು ಕೂಡಿಸುವ ಜೋಡಣೆಯ ಬಲದಿಂದಲೋ ನಿಲ್ಲಿಸಿ ಮಾಡಿದ ನೆಲಗಟ್ಟಿಗೆ ಈ ಹೆಸರು ಸಲ್ಲುತ್ತದೆ. ಇಲ್ಲಿ ಒಂದರ ಮೇಲೊಂದು ಬಂದು ಕೂಡುವ ಎರಡು ವಸ್ತುಗಳು ಸ್ವಭಾವದಿಂದ ಭಿನ್ನವಾದುವು: ಕಾಂಕ್ರೀಟು ನೀರಿನಿಂದಲೇ ಗಟ್ಟಿಯಾಗಿ, ಗಟ್ಟಿಯಾದ ಮೇಲೆಯೂ ಆ ನೀರಿನ ಒಂದು ಪಾಲನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡಿರತಕ್ಕದ್ದು, ಮರವಾದರೋ ಕಡಿದು, ಕೊಯ್ದು, ಒಣಗಿಸಿ, ಎಣ್ಣೆ ಬಳಿದ ಮೇಲೆಯೂ ಸುತ್ತಲಿನ ತೇವವನ್ನು ಹೀರಿ ಹಿಗ್ಗುವ, ಬಿಟ್ಟು ಕುಗ್ಗುವ ಗುಣವನ್ನು ಎಂದಿಗೂ ತೊರೆಯದು. ಆದಕಾರಣ ಈ ಬಗೆಯ ನೆಲದ ಆಯುಸ್ಸು ನಿರ್ಣಯವಾಗುವುದು ಅಂಗಡಿಯಲ್ಲಿ ಬಣ್ಣವನ್ನೂ ಹೊಳಪನ್ನೂ ಮೆಚ್ಚಿ ಹಲಗೆಯನ್ನು ಆರಿಸುವ ಗಳಿಗೆಯಲ್ಲಿ ಅಲ್ಲ. ಅದಕ್ಕೆ ಬಹಳ ಮುಂಚೆ, ಕೆಳಗಿನ ಹಾಸಿನಲ್ಲಿ ಎಷ್ಟು ನೀರಿದೆ, ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಅಳೆದು ನೋಡುವಾಗ.

ಪ್ರಾಚೀನ ಕಾಲದ ಮರದ ನೆಲ ಭೂಮಿಗೆ ತಾಗಿ ಇರುತ್ತಿದ್ದುದು ಅಪೂರ್ವ. ಮಲೆನಾಡಿನ ತೊಟ್ಟಿಮನೆಗಳ ಉಪ್ಪರಿಗೆಯನ್ನು ನೋಡಿದವರಿಗೆ ಇದು ತಿಳಿದೇ ಇದೆ: ಹಲಗೆಗಳು ತೊಲೆಗಳ ಮೇಲೆ ಕುಳಿತಿರುತ್ತವೆ, ಕೆಳಗೆ ಜನ ವಾಸಿಸುವ ಅಂಕಣವಿರುತ್ತದೆ, ಮೇಲಕ್ಕೂ ಕೆಳಕ್ಕೂ ಗಾಳಿ ಸಮವಾಗಿ ಆಡುತ್ತದೆ. ಯೂರೋಪಿನಲ್ಲಿಯೂ ಕ್ರಮ ಇದೇ ಆಗಿತ್ತು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆಯ ನೆಲವನ್ನು ಕೀಳಿಸಿ ಅದರ ಸ್ಥಾನದಲ್ಲಿ ಮರದ ಚೌಕಗಳನ್ನು ಹಾಕಿಸಿದರು. ಏಕೆಂದರೆ ಕಲ್ಲಿನ ನೆಲವನ್ನು ತೊಳೆದ ನೀರು ಸಂದುಗಳಲ್ಲಿ ಇಳಿದು ಕೆಳಗಿನ ತೊಲೆಗಳನ್ನು ಕೊಳೆಯಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡು, ಜರ್ಮನಿಗಳ ಶಾಲೆ, ಕಚೇರಿ, ಸಭಾಮಂದಿರಗಳಲ್ಲಿ ಕಾಂಕ್ರೀಟಿನ ಮೇಲೆ ಕಾಯಿಸಿದ ಡಾಂಬರನ್ನು ಹರಡಿ, ಅದರಲ್ಲಿ ಇಟ್ಟಿಗೆಯ ಆಕಾರದ ಮರದ ತುಂಡುಗಳನ್ನು ಮೀನಿನ ಮುಳ್ಳಿನಂತೆ ಓರೆಯೋರೆಯಾಗಿ ಅದ್ದಿ ಕೂರಿಸುವ ಪದ್ಧತಿ ಬಳಕೆಗೆ ಬಂದಿತು. ಆ ಡಾಂಬರು ಅಂಟಿನ ಕೆಲಸವನ್ನೂ ತೇವವನ್ನು ತಡೆಯುವ ಕೆಲಸವನ್ನೂ ಏಕಕಾಲದಲ್ಲಿ ಮಾಡುತ್ತಿದ್ದುದರಿಂದ ಅಂಥ ನೆಲಗಳು ಕೆಲವೆಡೆ ಈಗಲೂ ಉಳಿದುಕೊಂಡಿವೆ.

ಸಮಸ್ಯೆಯು ಮನೆಮನೆಯ ಪ್ರಶ್ನೆಯಾಗಿ ಪರಿಣಮಿಸಿದುದು ಎರಡನೆಯ ಮಹಾಯುದ್ಧದ ತರುವಾಯ, ಅಮೆರಿಕದಲ್ಲಿ. 1947ರಲ್ಲಿ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಲೆವಿಟ್‌ಟೌನ್ ಎಂಬ ಬಡಾವಣೆಯನ್ನು ಕಟ್ಟಲು ಆರಂಭಿಸಿದಾಗ, ಅಗ್ಗವಾಗಿಯೂ ವೇಗವಾಗಿಯೂ ಕೆಲಸ ಸಾಗಬೇಕೆಂಬ ಉದ್ದೇಶದಿಂದ ನೆಲಮಾಳಿಗೆಯನ್ನೇ ಬಿಟ್ಟು, ಭೂಮಿಯ ಮೇಲೆ ನೇರವಾಗಿ ಕಾಂಕ್ರೀಟ್ ಹಾಸನ್ನು ಸುರಿದು, ಅದರ ಮೇಲೆ ಮನೆಗಳನ್ನು ಎಬ್ಬಿಸಿದರು. ಇದಕ್ಕಾಗಿ ಅಲ್ಲಿನ ಸ್ಥಳೀಯ ಕಟ್ಟಡ ನಿಯಮವನ್ನೇ ತಿದ್ದಬೇಕಾಯಿತು. ಆ ಮನೆಗಳ ಹಾಸಿನ ಮೇಲೆ ಹಾಕಿದುದು ಮರವಲ್ಲ, ಡಾಂಬರು ಮಿಶ್ರಿತ ಬಿಲ್ಲೆಗಳು. ತೊಲೆಯೂ ಗಾಳಿಯೂ ಇಲ್ಲದ ಆಧಾರದ ಮೇಲೆ ಮರವನ್ನು ಹೇಗೆ ನಿಲ್ಲಿಸಬೇಕೆಂಬ ವಿದ್ಯೆ ಇನ್ನೂ ಸಾಮಾನ್ಯವಾಗಿರಲಿಲ್ಲ. ಇಂದು ಟೆಕ್ಸಾಸ್, ಫ್ಲಾರಿಡ, ಕ್ಯಾಲಿಫೋರ್ನಿಯಗಳಲ್ಲಿ ಬಹಳಷ್ಟು ಮನೆಗಳು ಇಂಥ ಹಾಸಿನ ಮೇಲೆಯೇ ನಿಂತಿವೆ. ಅಲ್ಲಿ ಮನೆ ಕೊಂಡ ಕನ್ನಡಿಗ ಕುಟುಂಬಗಳು ಜಮಖಾನೆಯನ್ನು ಕಿತ್ತು ಮರದ ನೆಲ ಹಾಕಿಸಲು ಹೊರಟಾಗ ಎದುರಾಗುವ ಪ್ರಶ್ನೆಗಳೂ, ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿ ಮಲಗುವ ಕೋಣೆಗೆ ಮರ ಬೇಕೆನ್ನುವವರ ಪ್ರಶ್ನೆಗಳೂ ಮೂಲದಲ್ಲಿ ಒಂದೇ.

ಮರದ ಸ್ವಭಾವವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮಳೆಗಾಲದಲ್ಲಿ ಬಿಗಿದುಕೊಂಡು ಹಾಕಲು ಬಾರದ ಬಾಗಿಲು ಫಾಲ್ಗುಣ ಮಾಸದ ಒಣಗಾಳಿಯಲ್ಲಿ ತಾನಾಗಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದಾರೆ. ನೆಲದ ಹಲಗೆಯ ಚರಿತ್ರೆಯೂ ಅದೇ. ಸುತ್ತಲಿನ ಗಾಳಿಯ ಉಷ್ಣತೆಗೂ ಆರ್ದ್ರತೆಗೂ ತಕ್ಕಂತೆ ಮರವು ಒಂದು ನಿರ್ದಿಷ್ಟ ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಇದನ್ನು ಸಮತೋಲನ ತೇವಾಂಶವೆಂದು ಕರೆಯುತ್ತಾರೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇದ್ದರೆ ಮರದ ತೇವಾಂಶ ಸುಮಾರು ಶೇಕಡ 6. ಆರ್ದ್ರತೆ 50ಕ್ಕೆ ಏರಿದರೆ ತೇವಾಂಶ 9. 80ಕ್ಕೆ ಏರಿದರೆ 16ರ ಹತ್ತಿರ. ಶೇಕಡ 28ರಿಂದ 30ರವರೆಗಿನ ತೇವಾಂಶದಲ್ಲಿ ಮರದ ನಾರುಗಳ ಗೋಡೆಗಳು ಪೂರ್ತಿಯಾಗಿ ನೀರುಂಡಿರುತ್ತವೆ. ಅದರಿಂದ ಕೆಳಕ್ಕೆ ಇಳಿದ ಪ್ರತಿಯೊಂದು ಅಂಶಕ್ಕೂ ಮರ ಕುಗ್ಗುತ್ತದೆ, ಮರಳಿ ಅಲ್ಲಿಯವರೆಗೆ ಏರಿದ ಪ್ರತಿಯೊಂದಕ್ಕೂ ಹಿಗ್ಗುತ್ತದೆ. ಆದರೆ ಈ ಚಲನೆ ಎಲ್ಲ ದಿಕ್ಕಿನಲ್ಲಿಯೂ ಸಮನಲ್ಲ. ಉದ್ದಕ್ಕೆ ಅದು ನಗಣ್ಯ. ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ಸಾಗುವ ಅರೀಯ ದಿಕ್ಕಿನಲ್ಲಿ ಸಾಧಾರಣ. ಬೆಳವಣಿಗೆಯ ಉಂಗುರಗಳನ್ನು ಅನುಸರಿಸುವ ದಿಕ್ಕಿನಲ್ಲಿ ಅದರ ಇಮ್ಮಡಿ. ಹಸಿಮರ ಪೂರ್ತಿ ಒಣಗುವಾಗ ತೇಗವು ಅರೀಯ ದಿಕ್ಕಿನಲ್ಲಿ ಶೇಕಡ 2.5ರಷ್ಟು, ಉಂಗುರದ ದಿಕ್ಕಿನಲ್ಲಿ 5.8ರಷ್ಟು ಕುಗ್ಗಿದರೆ, ಅಮೆರಿಕದ ಬಿಳಿ ಓಕ್ ಕ್ರಮವಾಗಿ 5.6 ಮತ್ತು 10.5ರಷ್ಟು ಕುಗ್ಗುತ್ತದೆ.

ಈ ಅಂಕೆಗಳ ಅರ್ಥ ಮನಸ್ಸಿಗೆ ನಾಟಬೇಕಾದರೆ ಮೂರು ಮೀಟರ್ ಅಗಲದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಬೇಕು. ಬೇಸಗೆಯಲ್ಲಿ ಹಾಕಿದ ಹಲಗೆಗಳ ತೇವಾಂಶ ಮಳೆಗಾಲದಲ್ಲಿ ನಾಲ್ಕು ಅಂಶ ಮೇಲೇರಿತೆಂದು ಇಟ್ಟುಕೊಂಡರೆ, ಉಂಗುರದ ದಿಕ್ಕು ಅಗಲಕ್ಕೆ ಬರುವಂತೆ ಕೊಯ್ದ ತೇಗದ ನೆಲ ಗೋಡೆಯಿಂದ ಗೋಡೆಗೆ ಸುಮಾರು 22 ಮಿಲಿಮೀಟರ್ ಬೆಳೆಯಲು ಯತ್ನಿಸುತ್ತದೆ. ಅದೇ ತೇಗವನ್ನು ಅರೀಯ ದಿಕ್ಕು ಅಗಲಕ್ಕೆ ಬರುವಂತೆ ಕೊಯ್ದಿದ್ದರೆ ಬೆಳವಣಿಗೆ ಸುಮಾರು 12 ಮಿಲಿಮೀಟರ್. ತೇಗಕ್ಕೆ ಬದಲಾಗಿ ಮೊದಲಿನ ಕೊಯ್ತದ ಬಿಳಿ ಓಕ್ ಆಗಿದ್ದರೆ 44ರ ಸಮೀಪ. ಎರಡು ಬೆರಳಗಲ ಬೆಳೆಯಲು ಹವಣಿಸುವ ನೆಲಕ್ಕೆ ಗೋಡೆಯ ಬಳಿ ಜಾಗ ಬಿಡದಿದ್ದರೆ ಅದು ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ನಮ್ಮ ಹಿರಿಯ ಬಡಗಿಗಳು ಹಲಗೆಯನ್ನು ಕೊಳ್ಳುವ ಮುನ್ನ ಅದರ ತುದಿಯನ್ನು ತಿರುಗಿಸಿ ಉಂಗುರಗಳ ಓಟವನ್ನೂ ಚೇಗಿನ ಪ್ರಮಾಣವನ್ನೂ ನೋಡುತ್ತಿದ್ದುದು ವೃಥಾ ಆಚಾರವಾಗಿರಲಿಲ್ಲ.

ಇನ್ನು ಕಾಂಕ್ರೀಟಿನ ವಿಚಾರ. 50 ಕಿಲೋಗ್ರಾಂ ತೂಕದ ಒಂದು ಮೂಟೆ ಸಿಮೆಂಟು ರಾಸಾಯನಿಕವಾಗಿ ತನ್ನೊಳಗೆ ಬಂಧಿಸಿಕೊಳ್ಳುವ ನೀರು ಸುಮಾರು 12 ಲೀಟರು ಮಾತ್ರ. ಆದರೆ ಕಲಸಿ ಸುರಿಯಲು ಅನುಕೂಲವಾಗಲೆಂದು 25 ಲೀಟರನ್ನೋ ಅದಕ್ಕಿಂತ ಹೆಚ್ಚನ್ನೋ ಹಾಕುವುದು ವಾಡಿಕೆ. ಉಳಿದ ನೀರಿನಲ್ಲಿ ಒಂದು ಪಾಲು ಅತಿ ಸೂಕ್ಷ್ಮ ರಂಧ್ರಗಳಲ್ಲಿ ನೆಲೆಸುತ್ತದೆ, ಇನ್ನೊಂದು ಪಾಲು ನಿಧಾನವಾಗಿ ಮೇಲ್ಮೈಗೆ ಬಂದು ಆವಿಯಾಗುತ್ತದೆ. ಇದರ ಜೊತೆಗೆ ಕ್ಯೂರಿಂಗಿನ ನೀರೂ ಸೇರುತ್ತದೆ. ನಮ್ಮಲ್ಲಿ ಹಾಸು ಸುರಿದ ಮಾರನೆಯ ದಿನ ಗಾರೆಯಿಂದ ಗೇಣಗಲದ ಪುಟ್ಟ ಕಟ್ಟೆಗಳನ್ನು ಕಟ್ಟಿ, ಮಡಿಗಳಂತೆ ಮಾಡಿ, ವಾರವೋ ಎರಡು ವಾರವೋ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟಿನ ಬಲಕ್ಕೆ ಇದು ಅತ್ಯಾವಶ್ಯಕ. ಆದರೆ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. 28 ದಿನಗಳಾದುವು, ಕಾಂಕ್ರೀಟು ಪಕ್ವವಾಯಿತು, ಇನ್ನು ಮರ ಹಾಕಬಹುದು ಎಂದು ಭಾವಿಸುವುದು ಈ ಕ್ಷೇತ್ರದಲ್ಲಿ ಅತ್ಯಂತ ವ್ಯಾಪಕವಾದ ತಪ್ಪು ತಿಳಿವಳಿಕೆ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬ ಅಂದಾಜಿನ ಲೆಕ್ಕದಂತೆ ನಾಲ್ಕಂಗುಲದ ಹಾಸಿಗೆ ನಾಲ್ಕು ತಿಂಗಳು ಬೇಕು. ಅದೂ ಮಾಡು ಮುಚ್ಚಿ, ಕಿಟಕಿ ಕೂಡಿಸಿ, ಮತ್ತೆ ನೀರು ಬೀಳದಂತೆ ಆದ ದಿನದಿಂದ ಎಣಿಸಿದಾಗ.

ನೆಲಮಟ್ಟದ ಹಾಸಿಗೆ ಇನ್ನೊಂದು ಅಪಾಯವುಂಟು. ಮಣ್ಣಿನ ತೇವ ಬತ್ತಿಯಲ್ಲಿ ಎಣ್ಣೆ ಏರುವಂತೆ ಕಾಂಕ್ರೀಟಿನ ರಂಧ್ರಗಳಲ್ಲಿ ಏರುತ್ತಲೇ ಇರುತ್ತದೆ. ಹಾಸಿನ ಕೆಳಗೆ ನಾಲ್ಕಂಗುಲ ಜಲ್ಲಿಯನ್ನು ಹರಡಿ, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆಯನ್ನು ಸಂದಿಲ್ಲದಂತೆ ಹಾಸಿ, ಆಮೇಲೆ ಕಾಂಕ್ರೀಟನ್ನು ಸುರಿದಿದ್ದರೆ ಈ ಏರಿಕೆ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಅಂಥ ಹಾಳೆ ಇರುವುದು ವಿರಳ. ಮೇಲಂತಸ್ತಿನ ಹಾಸಿಗೆ ಮಣ್ಣಿನ ಭಯವಿಲ್ಲವಾದರೂ ನಮ್ಮ ನಗರಗಳ ವಸತಿಗಳಲ್ಲಿ ಅದಕ್ಕೆ ಸಮನಾದ ಒಂದು ಗುಪ್ತ ಶತ್ರು ಇದೆ. ಸ್ನಾನದ ಮನೆಯ ಕೊಳಾಯಿಗಳನ್ನು ಹುದುಗಿಸಲು ಅಲ್ಲಿನ ಹಾಸನ್ನು ಅಡಿಯಷ್ಟು ತಗ್ಗಿಸಿ, ಆ ಗುಂಡಿಯನ್ನು ಇಟ್ಟಿಗೆಚೂರಿನಿಂದ ತುಂಬಿ ಮೇಲೆ ಟೈಲ್ಸ್ ಹಾಕುವುದು ರೂಢಿ. ಎಲ್ಲಿಯೋ ಒಂದು ಜೋಡಣೆ ಸೋರಿದರೆ ಆ ಗುಂಡಿ ಕೊಳವಾಗುತ್ತದೆ. ಬೆಂಗಳೂರಿನ ಒಂದು ಮನೆಯಲ್ಲಿ ಮೂರನೆಯ ಮಹಡಿಯ ಮಲಗುವ ಕೋಣೆಯ ನೆಲ ಒಂದು ಮೂಲೆಯಲ್ಲಿ ಮಾತ್ರ ಕಪ್ಪಾಗಿ ಉಬ್ಬಿದುದನ್ನು ಈ ಲೇಖಕನು ಕಂಡಿದ್ದಾನೆ. ಹಲಗೆಯ ದೋಷವೆಂದು ಎರಡು ಸಲ ಬದಲಿಸಿದ ಮೇಲೆ, ಗೋಡೆಯಾಚೆಯ ಸ್ನಾನದ ಮನೆಯಿಂದ ನೀರು ಹಾಸಿನ ಮೇಲೆಯೇ ಹರಿದು ಬರುತ್ತಿದ್ದುದು ಪತ್ತೆಯಾಯಿತು.

ತೇವವನ್ನು ಅಳೆಯುವ ವಿಧಾನಗಳು ಹಲವು. ಅತ್ಯಂತ ಸರಳವಾದುದು ಹಾಳೆಯ ಪರೀಕ್ಷೆ: ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹಾಸಿನ ಮೇಲೆ ಹರಡಿ, ನಾಲ್ಕು ಅಂಚುಗಳನ್ನೂ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಕನಿಷ್ಠಪಕ್ಷ 16 ಗಂಟೆ ಹಾಗೆಯೇ ಬಿಡುವುದು. ಬೆಳಗ್ಗೆ ನೋಡಿದಾಗ ಹಾಳೆಯ ಒಳಮೈಯಲ್ಲಿ ಮಂಜಿನ ಹನಿಗಳು ಕೂತಿದ್ದರೆ, ಅಥವಾ ಅದನ್ನು ಎತ್ತಿದಾಗ ಅಡಿಯ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಾಗಿ ಚೌಕವೊಂದು ಮೂಡಿದ್ದರೆ, ಹಾಸು ಇನ್ನೂ ಸಿದ್ಧವಾಗಿಲ್ಲ. ಆದರೆ ಈ ಪರೀಕ್ಷೆ ತೇವವಿದೆ ಎಂಬುದನ್ನು ಹೇಳಬಲ್ಲದೇ ಹೊರತು ಇಲ್ಲವೆಂಬುದನ್ನು ಖಂಡಿತವಾಗಿ ಹೇಳಲಾರದು. ಅಮೆರಿಕದಲ್ಲಿ ಬಹುಕಾಲ ನಡೆದುಬಂದ ಇನ್ನೊಂದು ಕ್ರಮದಲ್ಲಿ ತೂಗಿದ ಕ್ಯಾಲ್ಸಿಯಂ ಕ್ಲೋರೈಡನ್ನು ಹಾಸಿನ ಮೇಲಿಟ್ಟು, ಗಾಳಿಯಾಡದಂತೆ ಮುಚ್ಚಳ ಬಿಗಿದು, 60ರಿಂದ 72 ಗಂಟೆಗಳ ತರುವಾಯ ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕದಿಂದ ಆವಿಯ ಪ್ರಮಾಣ ತಿಳಿಯುತ್ತದೆ. ಸಾವಿರ ಚದರಡಿಗೆ ದಿನಕ್ಕೆ ಮೂರು ಪೌಂಡಿಗಿಂತ ಕಡಮೆಯಿದ್ದರೆ ಮರಕ್ಕೆ ಯೋಗ್ಯವೆಂಬುದು ಸಾಮಾನ್ಯ ಮಿತಿ. ಇದರ ಕೊರತೆಯೆಂದರೆ ಮೇಲಿನ ತೆಳುಪದರದ ಸ್ಥಿತಿಯನ್ನಷ್ಟೇ ಇದು ತಿಳಿಸುತ್ತದೆ. ಜರ್ಮನಿಯಲ್ಲಿ ಹಾಸಿನಿಂದ ಕೆತ್ತಿದ ಪುಡಿಯನ್ನು ಕ್ಯಾಲ್ಸಿಯಂ ಕಾರ್ಬೈಡಿನೊಡನೆ ಉಕ್ಕಿನ ಶೀಶೆಯಲ್ಲಿ ಹಾಕಿ ಕುಲುಕಿ, ಹುಟ್ಟಿದ ಅಸಿಟಿಲೀನ್ ಅನಿಲದ ಒತ್ತಡದಿಂದ ನೀರಿನ ಅಂಶವನ್ನು ಕಂಡುಕೊಳ್ಳುವರು. ಸಿಮೆಂಟು ಗಾರೆಗೆ ಅಲ್ಲಿನ ಮಿತಿ ಶೇಕಡ 2, ಒಳಗೆ ಬಿಸಿನೀರಿನ ಕೊಳವೆಗಳಿದ್ದರೆ 1.8.

ಇವೆಲ್ಲಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂದು ಈಚೆಗೆ ಒಪ್ಪಿತವಾಗಿರುವುದು, ಹಾಸಿನ ದಪ್ಪದ ಶೇಕಡ 40ರಷ್ಟು ಆಳಕ್ಕೆ ರಂಧ್ರ ಕೊರೆದು ಅದರೊಳಗಿನ ಗಾಳಿಯ ಆರ್ದ್ರತೆಯನ್ನೇ ಅಳೆಯುವ ವಿಧಾನ. ಆ ಆಳವನ್ನೇ ಏಕೆ ಆರಿಸಿದರೆಂಬುದು ಸ್ವಾರಸ್ಯಕರ. ತೆರೆದ ಹಾಸಿನಲ್ಲಿ ಮೇಲ್ಭಾಗ ಒಣಗಿರುತ್ತದೆ, ಕೆಳಭಾಗ ಹಸಿಯಾಗಿರುತ್ತದೆ. ನೆಲಹಾಸು ಮುಚ್ಚಿದೊಡನೆ ಆವಿ ಹೊರಹೋಗುವ ದಾರಿ ಕಟ್ಟಿ, ಒಳಗಿನ ನೀರು ಮೆಲ್ಲಮೆಲ್ಲನೆ ಮೇಲಕ್ಕೂ ಸಮವಾಗಿ ಹಂಚಿಕೆಯಾಗುತ್ತದೆ. ಹೀಗೆ ಹಂಚಿಕೆಯಾದ ಮೇಲೆ ಮರದ ಅಡಿಗೆ ಯಾವ ಆರ್ದ್ರತೆ ತಾಗಲಿದೆಯೋ ಅದಕ್ಕೆ ಇಂದಿನ ಶೇಕಡ 40ರ ಆಳದ ಆರ್ದ್ರತೆ ಬಹುಮಟ್ಟಿಗೆ ಸಮನಾಗಿರುತ್ತದೆ. ಒಂದೇ ಬದಿಯಿಂದ ಒಣಗುವ ಹಾಸಿಗೆ ಈ ಲೆಕ್ಕ; ಮೇಲುಕೆಳಗೆ ಎರಡೂ ಕಡೆ ಗಾಳಿಯಾಡುವ ಅಂತಸ್ತಿನ ಹಾಸಿಗೆ ಶೇಕಡ 20ರ ಆಳ ಸಾಕು. ಮರಕ್ಕೆ ಅನೇಕ ತಯಾರಕರು ವಿಧಿಸುವ ಮಿತಿ ಶೇಕಡ 75.

ಹಲಗೆಯ ಆಯ್ಕೆಗೆ ಬಂದರೆ, ಅಖಂಡ ಮರ ಮತ್ತು ಪದರಮರ ಎಂಬ ಎರಡು ಮುಖ್ಯ ವರ್ಗಗಳಿವೆ. ಒಂದೇ ಮರದ ಕಾಯದಿಂದ ಕೊಯ್ದ, ಮುಕ್ಕಾಲು ಅಂಗುಲ ದಪ್ಪದ ಅಖಂಡ ಹಲಗೆಯ ಘನತೆಗೆ ಸಮನಾದುದು ಇಲ್ಲ. ಅದನ್ನು ಹಲವು ಸಲ ಉಜ್ಜಿ ಹೊಸದಾಗಿಸಬಹುದು, ಮೊಮ್ಮಕ್ಕಳ ಕಾಲಕ್ಕೂ ಅದು ಬಾಳಬಹುದು. ಆದರೆ ನೆಲಮಟ್ಟದ ಕಾಂಕ್ರೀಟಿನ ಮೇಲೆ ಅದನ್ನು ನೇರವಾಗಿ ಹಾಕುವುದು ಸಾಹಸವೇ ಸರಿ. ಪದರಮರದಲ್ಲಿ ಒಂದು ಪದರದ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸಿರುವುದರಿಂದ ಒಂದರ ಚಲನೆಯನ್ನು ಇನ್ನೊಂದು ಹಿಡಿದಿಡುತ್ತದೆ. ಮೇಲಿನ ಪದರ ಮಾತ್ರ ಉತ್ತಮ ಜಾತಿಯ ಮರ. ಸ್ವೀಡನ್ನಿನ ಗುಸ್ತಾಫ್ ಕೇರ್ ಎಂಬವನಿಗೆ ಬಹುಪದರದ ನೆಲಹಲಗೆಗಾಗಿ 1941ರಲ್ಲಿ ದೊರೆತ ಪೇಟೆಂಟು ಈ ಉದ್ಯಮದ ಮೂಲಸ್ತಂಭ. ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಮೇಲ್ಪದರ ಎಷ್ಟು ದಪ್ಪ ಎಂಬುದು: ನಾಲ್ಕು ಮಿಲಿಮೀಟರಿನದಾದರೆ ಒಂದೆರಡು ಸಲ ಉಜ್ಜಬಹುದು, ಅರ್ಧ ಮಿಲಿಮೀಟರಿನದಾದರೆ ಎಂದೂ ಕೂಡದು. ಲ್ಯಾಮಿನೇಟ್ ಎಂದು ಮಾರುವುದು ಮರದ ಚಿತ್ರ ಮುದ್ರಿಸಿದ ಕಾಗದವನ್ನು ಒತ್ತಿದ ನಾರುಹಲಗೆಯ ಮೇಲೆ ಹಚ್ಚಿದ ಪದಾರ್ಥ. ಅದಕ್ಕೆ ಅದರದೇ ಉಪಯೋಗವುಂಟು, ಆದರೆ ಅದನ್ನು ಮರದ ನೆಲವೆನ್ನುವುದು ಸಲ್ಲದು.

ಗಟ್ಟಿತನವನ್ನು ಜಾಂಕ ಮಾಪನದಿಂದ ಹೇಳುವ ಪದ್ಧತಿಯಿದೆ. 0.444 ಅಂಗುಲ ವ್ಯಾಸದ ಉಕ್ಕಿನ ಗುಂಡು ಅರ್ಧದವರೆಗೆ ಮರದಲ್ಲಿ ಹೂತುಹೋಗಲು ಬೇಕಾಗುವ ಬಲವೇ ಆ ಅಂಕೆ. ಅಮೆರಿಕದ ಕೆಂಪು ಓಕಿಗೆ ಅದು 1290 ಪೌಂಡು, ಗಟ್ಟಿ ಮೇಪಲ್ಲಿಗೆ 1450, ತೇಗಕ್ಕೆ ಸಾವಿರದ ಆಸುಪಾಸು. ಗಟ್ಟಿತನವೊಂದನ್ನೇ ನೋಡುವವರು ತೇಗವನ್ನು ಕೆಳಗಿಡಬಹುದು. ಆದರೆ ನೆಲಕ್ಕೆ ಬೇಕಾದ ಸ್ಥಿರತೆಯಲ್ಲಿಯೂ ಗೆದ್ದಲನ್ನು ತಡೆಯುವ ಶಕ್ತಿಯಲ್ಲಿಯೂ ತೇಗದ ಚೇಗನ್ನು ಮೀರಿಸುವ ಮರಗಳು ಕೆಲವೇ. ಗಂಟುಗಳ ಗೋಜಿಲ್ಲದ ಚೇಗನ್ನು ಆರಿಸುವುದು, ಬಿಳಿಮರವನ್ನು ತಳ್ಳಿಹಾಕುವುದು ನಮ್ಮ ಹವೆಗೆ ಅನಿವಾರ್ಯ. ಬೇರೆ ಜಾತಿಯ ಮರಕ್ಕೆ ಬಣ್ಣ ಹಚ್ಚಿ ತೇಗವೆಂದು ಮಾರುವುದೂ ಉಂಟಾದ್ದರಿಂದ, ಮೈಸೂರು ಸಂಸ್ಥಾನ 1938ರಲ್ಲಿ ಸ್ಥಾಪಿಸಿದ ಅರಣ್ಯ ಸಂಶೋಧನಾಲಯದಿಂದ ಬೆಳೆದು ಬಂದ, ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿಯ ಜಾತಿಯನ್ನು ಗುರುತಿಸಿಕೊಳ್ಳುವುದು ವಿವೇಕ. ಭಾರತೀಯ ಮಾನಕವು ಗಾಳಿಯ ಆರ್ದ್ರತೆಗೆ ಅನುಸಾರವಾಗಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಮರದ ತೇವಾಂಶದ ಮಿತಿಯನ್ನು ಬೇರೆಬೇರೆಯಾಗಿ ಗೊತ್ತುಮಾಡಿದೆ. ಬಳ್ಳಾರಿಯಲ್ಲಿ ಒಣಗಿಸಿದ ಹಲಗೆಯನ್ನು ಅದೇ ವಾರ ಮಂಗಳೂರಿನಲ್ಲಿ ಹಾಕಬಾರದೆಂಬ ಲೋಕಜ್ಞಾನಕ್ಕೆ ಇದು ಶಾಸ್ತ್ರದ ರೂಪ. ಹಲಗೆಗಳ ಕಟ್ಟನ್ನು ಬಿಚ್ಚಿ, ಅವು ಇರಬೇಕಾದ ಕೋಣೆಯಲ್ಲಿಯೇ, ಬಾಗಿಲು ಕಿಟಕಿಗಳು ಕೂಡಿ ಗಾರೆ ಬಣ್ಣಗಳ ಹಸಿ ಆರಿದ ಮೇಲೆ, ತೇವಮಾಪಕದ ಅಂಕೆ ಸ್ಥಿರವಾಗುವವರೆಗೆ ಇಡತಕ್ಕದ್ದು.

ಹಾಸಿನ ಮಟ್ಟವೂ ಅಷ್ಟೇ ಮುಖ್ಯ. ಹತ್ತಡಿಯ ನೇರ ಪಟ್ಟಿಯನ್ನು ಯಾವ ದಿಕ್ಕಿಗಿಟ್ಟರೂ ಅದರ ಅಡಿಯ ಸಂದು ಐದು ಮಿಲಿಮೀಟರ್ ಮೀರಕೂಡದು. ರಸಮಟ್ಟದಲ್ಲಿ ಇಳಿಜಾರು ಕಂಡರೆ ಚಿಂತೆಯಿಲ್ಲ, ಉಬ್ಬುತಗ್ಗು ಇರಬಾರದು. ಉಬ್ಬನ್ನು ಉಜ್ಜಿ, ತಗ್ಗನ್ನು ತಾನಾಗಿ ಹರಡಿಕೊಳ್ಳುವ ಸಿಮೆಂಟು ಮಿಶ್ರಣದಿಂದ ತುಂಬಬೇಕು. ಅಮೆರಿಕದ ಹಳೆಯ ಮನೆಗಳಲ್ಲಿ ಒಂಬತ್ತಂಗುಲ ಚೌಕದ ಬಿಲ್ಲೆಗಳೂ ಕಪ್ಪು ಅಂಟೂ ಕಂಡುಬಂದರೆ ಅವುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ಕೆರೆಯುವುದು ಶ್ವಾಸಕೋಶಕ್ಕೆ ಮಾರಕ.

ಹಾಕುವ ಕ್ರಮಗಳು ಮೂರು. ತೇಲುನೆಲದಲ್ಲಿ ಹಾಸಿನ ಮೇಲೆ ಪಾಲಿಥೀನ್ ಹಾಳೆಯನ್ನೂ ಅದರ ಮೇಲೆ ತೆಳ್ಳನೆಯ ಮೆತ್ತೆಯನ್ನೂ ಹಾಸಿ, ಒಂದು ಹಲಗೆಯ ಅಂಚಿನ ನಾಲಗೆಯನ್ನು ಮುಂದಿನ ಹಲಗೆಯ ತೋಡಿಗೆ ಕೂಡಿಸುತ್ತ ಹೋಗುವರು. ಇಡೀ ನೆಲ ಒಂದೇ ಚಾಪೆಯಂತೆ, ಯಾವುದಕ್ಕೂ ಅಂಟದೆ, ತನ್ನ ತೂಕದಿಂದಲೇ ನಿಲ್ಲುತ್ತದೆ. ನಮ್ಮ ನಗರಗಳಲ್ಲಿ ಗಟ್ಟಿಯಾಗಿ ಕೂತಿರುವ ಹಳೆಯ ಟೈಲ್ಸಿನ ಮೇಲೆಯೇ ಇದನ್ನು ಹಾಕಬಹುದಾದ್ದರಿಂದ ಹೆಚ್ಚು ಪ್ರಚಾರದಲ್ಲಿದೆ. ಆದರೆ ನಡೆಯುವಾಗ ಸ್ವಲ್ಪ ಟೊಳ್ಳು ಸದ್ದು ಬರುವುದನ್ನು ಸಹಿಸಬೇಕು. ಎರಡನೆಯದು ಹಲ್ಲುಗಳುಳ್ಳ ಕರಣೆಯಿಂದ ಅಂಟನ್ನು ಗೆರೆಗೆರೆಯಾಗಿ ಎಳೆದು ಪದರಮರವನ್ನು ನೇರವಾಗಿ ಕಾಂಕ್ರೀಟಿಗೆ ಕೂರಿಸುವುದು. ಕಾಲಿಗೆ ಇದು ಕಲ್ಲಿನಷ್ಟು ದೃಢವಾಗಿರುತ್ತದೆ, ಆದರೆ ಕಾಂಕ್ರೀಟಿನ ಕ್ಷಾರಗುಣವನ್ನು ತಾಳಬಲ್ಲ ಅಂಟನ್ನೇ ಬಳಸಬೇಕು, ಅಗತ್ಯವಿದ್ದಲ್ಲಿ ಮೊದಲು ತೇವತಡೆಯ ಎಪಾಕ್ಸಿ ಲೇಪವನ್ನು ಕೊಡಬೇಕು. ಮೂರನೆಯದರಲ್ಲಿ ತೇವತಡೆಯ ಹಾಳೆಯ ಮೇಲೆ ಮುಕ್ಕಾಲು ಅಂಗುಲದ ಪ್ಲೈವುಡ್ಡನ್ನೋ, ಅಡಿಗೊಂದರಂತೆ ರೀಪುಗಳನ್ನೋ ಕೂರಿಸಿ, ಅವಕ್ಕೆ ಅಖಂಡ ಹಲಗೆಯನ್ನು ನಾಲಗೆಯ ಮೂಲಕ ಓರೆಯಾಗಿ ಮೊಳೆ ಹೊಡೆದು ಬಂಧಿಸುವರು. ನೀರನ್ನು ತಾಳುವ ದರ್ಜೆಯ ಪ್ಲೈವುಡ್ಡೇ ಬೇಕು, ನೆಲ ಒಂದೂವರೆ ಅಂಗುಲದಷ್ಟು ಏರುವುದರಿಂದ ಬಾಗಿಲುಗಳ ಅಡಿಯನ್ನು ಕೊಯ್ಯಬೇಕಾಗುತ್ತದೆ. ಹಾಸಿನೊಳಗೆ ಬಿಗಿದೆಳೆದ ಉಕ್ಕಿನ ಹುರಿಗಳಿದ್ದರೆ ಮೊಳೆಗಾಗಲಿ ತಿರುಪಿಗಾಗಲಿ ಅದನ್ನು ಕೊರೆಯುವುದು ಪ್ರಾಣಾಪಾಯಕ್ಕೆ ಎಡೆ.

ಈ ಮೂರರಲ್ಲಿ ಯಾವ ಕ್ರಮವಾದರೂ ಸರಿ, ಗೋಡೆಯ ಸುತ್ತ ಹಲಗೆಯ ದಪ್ಪದಷ್ಟಾದರೂ ತೆರವು ಬಿಡತಕ್ಕದ್ದು. ದೊಡ್ಡ ಕೋಣೆಯಲ್ಲಿ ಇನ್ನೂ ಹೆಚ್ಚು ಬೇಕು. ಸ್ಕರ್ಟಿಂಗ್ ಪಟ್ಟಿ ಅದನ್ನು ಮರೆಮಾಡುತ್ತದೆ, ಆದರೆ ಪಟ್ಟಿಯ ಮೊಳೆ ಗೋಡೆಗೆ ಹೋಗಬೇಕೇ ಹೊರತು ಹಲಗೆಗೆ ಅಲ್ಲ. ಕಂಬದ ಸುತ್ತ, ಬಾಗಿಲ ಹೊಸ್ತಿಲಿನ ಬಳಿ ಈ ತೆರವನ್ನು ಸಿಮೆಂಟಿನಿಂದ ಮುಚ್ಚಿಬಿಡುವ ಮೇಸ್ತ್ರಿಯ ಸದ್ಬುದ್ಧಿಯಿಂದ ಕೆಟ್ಟ ನೆಲಗಳು ಅಸಂಖ್ಯ. ಹಾಸಿನೊಳಗೆ ಬಿಸಿನೀರಿನ ಕೊಳವೆಗಳಿರುವ ಶೀತದೇಶಗಳಲ್ಲಿ ಮರದ ಮೇಲ್ಮೈಯ ಉಷ್ಣತೆ 27 ಡಿಗ್ರಿಯನ್ನು ಮೀರದಂತೆ ನೋಡಿಕೊಳ್ಳುವರು.

ನಿರ್ವಹಣೆಯ ಕುರಿತು ನಮ್ಮವರಿಗೆ ಹೇಳಬೇಕಾದುದು ಒಂದೇ. ಹಬ್ಬದ ಮುನ್ನಾದಿನ ಬಕೀಟಿನಲ್ಲಿ ನೀರು ಸುರಿದು ನೆಲ ತೊಳೆಯುವ ಸಂಪ್ರದಾಯ ಕಲ್ಲಿಗೂ ಗಾರೆಗೂ ತಕ್ಕುದು. ಮರವನ್ನು ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೆ ಒಣಬಟ್ಟೆಯಾಡಿಸಬೇಕು. ಆದ್ದರಿಂದ ದೇವರ ಕೋಣೆ, ಅಡಿಗೆಮನೆ, ಬಚ್ಚಲ ಮುಂಭಾಗಗಳಿಗೆ ಹಾಸುಗಲ್ಲೇ ಇರಲಿ.

ಎಷ್ಟು ಎಚ್ಚರವಿದ್ದರೂ ಕೆಲವೊಮ್ಮೆ ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ನೀರುಂಡು, ಅಂಚುಗಳು ಎದ್ದು ನಡು ತಗ್ಗುತ್ತದೆ. ಕಣ್ಣಿಗೆ ಮೊದಲು ಕಾಣದು. ಬರಿಗಾಲಿನಲ್ಲಿ ಅಡ್ಡಲಾಗಿ ನಡೆದಾಗ ಬೆರಳಿಗೆ ಸಣ್ಣ ದಿಣ್ಣೆಗಳು ತಾಗುತ್ತವೆ, ಸಂಜೆಯ ಓರೆಬಿಸಿಲು ಬಿದ್ದಾಗ ಇಡೀ ನೆಲ ನೇಗಿಲ ಸಾಲಿನಂತೆ ತೋರುತ್ತದೆ. ಇದನ್ನು ಕಂಡೊಡನೆ ಯಂತ್ರ ತರಿಸಿ ಎದ್ದ ಅಂಚುಗಳನ್ನು ಉಜ್ಜಿಸುವುದು ಸಹಜವಾದ ಆತುರ, ಆದರೆ ಬಹುದೊಡ್ಡ ಪ್ರಮಾದ. ತರುವಾಯ ಅಡಿಭಾಗ ಒಣಗಿ ಹಲಗೆ ಮೊದಲಿನ ಆಕಾರಕ್ಕೆ ಮರಳಿದಾಗ, ಉಜ್ಜಿ ತೆಳುವಾದ ಅಂಚುಗಳು ಕೆಳಗಿಳಿದು ನಡು ಉಬ್ಬಿಕೊಳ್ಳುತ್ತದೆ. ಮೊದಲು ನೀರಿನ ಮೂಲವನ್ನು ಹುಡುಕಿ ಕಟ್ಟಬೇಕು. ಕಿಟಕಿ ತೆರೆದು, ಗಾಳಿಯಾಡಿಸಿ, ತಿಂಗಳುಗಟ್ಟಲೆಯಾದರೂ ಕಾಯಬೇಕು. ಮೇಲುಕೆಳಗಿನ ತೇವಾಂಶ ಸಮವಾಯಿತೆಂದು ಮಾಪಕ ಹೇಳಿದ ಮೇಲೆ ನೋಡಿದರೆ, ಎಷ್ಟೋ ನೆಲಗಳು ಯಂತ್ರದ ಸೋಂಕಿಲ್ಲದೆಯೇ ಸಮತಟ್ಟಾಗಿರುತ್ತವೆ.